ಒಂದು ಮಳೆಗಾಲದ ಎರವಲು

ಹೋದ ತಿಂಗಳು ಕೈಚೀಲದ ಪಟ್ಟಿ ಕಿತ್ತುಹೋಗಿ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಚಪ್ಪಲಿ ಹೊಲಿಯುವವನ ಮುಂದೆ ನಿಂತಿದ್ದೆ. ಆತ ದಪ್ಪ ದಾರವನ್ನು ಬಿಚ್ಚಿ, ಕರೀ ಮೇಣದ ಉಂಡೆಯ ಮೇಲೆ ಎರಡು ಸಲ ಜಗ್ಗಿದ. ಮೇಣ, ಕೊಬ್ಬು, ನೆನೆದ ತೊಗಲು ಎಲ್ಲ ಕೂಡಿದ ಒಂದು ವಾಸನೆ ಎದ್ದಿತು. ಜನ ನನ್ನನ್ನು ತಳ್ಳಿಕೊಂಡು ಸ್ಟೇಷನ್ನಿನ ಕಡೆ ಓಡುತ್ತಿದ್ದರು. ನಾನು ಮಾತ್ರ ಪಟ್ಟಿ ಹೊಲಿದು ಮುಗಿದ ಮೇಲೂ ಅಲ್ಲೇ ನಿಂತಿದ್ದೆ. ಐವತ್ತು ವರ್ಷದ ಹಿಂದೆ ಆ ವಾಸನೆ ಒಬ್ಬ ಮನುಷ್ಯನ ಎರಡು ಕೈಗಳಿಗೆ ಅಂಟಿಕೊಂಡಿತ್ತು. ಧಾರಾವಿಯ ಚರ್ಮದ ಕಾರ್ಖಾನೆಯ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಅವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡು. ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ದಾದರಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು, ಮನೆ ಪರೇಲಿನ ಒಂದು ಚಾಳಿನ ಮೂರನೇ ಮಾಳಿಗೆ. ಆಗ ಮುಂಬಯಿಯಲ್ಲಿ ಫುಟ್‌ಬಾಲ್ ಆಡುವುದು ವೃತ್ತಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಮಿಲ್ಲು, ಬ್ಯಾಂಕು, ಕಾರ್ಖಾನೆ ಎಲ್ಲಕ್ಕೂ ಒಂದೊಂದು ಟೀಮು ಇತ್ತು. ಆಟ ಬಲ್ಲವನಿಗೆ ನೌಕರಿ ಸಿಗುತ್ತಿತ್ತು. ಹೆಸರಿಗೆ ಗುಮಾಸ್ತ, ಕೆಲಸ ಮೈದಾನದಲ್ಲಿ. ನನ್ನನ್ನೂ ಹಾಗೆಯೇ ಒಂದು ದೊಡ್ಡ ಬಟ್ಟೆ ಮಿಲ್ಲು ಹಾಜರಿ ಖಾತೆಗೆ ಸೇರಿಸಿಕೊಂಡಿತ್ತು. ಅದೂ ಬದಲಿಯಾಗಿ, ಯಾರಾದರೂ ರಜೆ ಹಾಕಿದ ದಿನ ಮಾತ್ರ ನನಗೆ ಕುರ್ಚಿ. ಟೀಮಿನಲ್ಲೂ ಅದೇ ಹಣೆಬರಹ. ಮಿಲ್ಲಿನ ಗೋಲ್‌ಕೀಪರ್ ಆಗ ನಗರಕ್ಕೇ ಹೆಸರಾದವನು. ಅವನಿಗೆ ಜ್ವರ ಕೂಡ ಬರುತ್ತಿರಲಿಲ್ಲ. ಎರಡು ಮಳೆಗಾಲ ನಾನು ಬೆಂಚಿನ ಮೇಲೆ ಕೂತು, ಒಣ ಜರ್ಸಿಯಲ್ಲೇ ಮನೆಗೆ ಹೋದೆ.

ಮೂರನೆಯ ಮಳೆಗಾಲದ ಹೊಸ್ತಿಲಲ್ಲಿ ಮಿಲ್ಲಿನ ಸ್ಪೋರ್ಟ್ಸ್ ಸೆಕ್ರೆಟರಿ ನನ್ನನ್ನು ಕರೆದರು. ಧಾರಾವಿಯ ಟೀಮು ಮೊದಲ ಸಲ ಮೇಲಿನ ಡಿವಿಜನ್ನಿಗೆ ಬಂದಿತ್ತು. ಅವರ ಗೋಲ್‌ಕೀಪರಿಗೆ ವಯಸ್ಸಾಗಿತ್ತು. ಈ ಒಂದು ಸೀಜನ್ನಿಗೆ ಒಬ್ಬನನ್ನು ಕೊಡಿ ಎಂದು ಕೇಳಿಕೊಂಡಿದ್ದರು. ಸೆಕ್ರೆಟರಿ ಕಾಗದದಿಂದ ತಲೆಯೆತ್ತದೆ, “ಜಾ, ಖೇಳ್. ಇಥೇ ಬಸೂನ್ ಕಾಯ್ ಕರಣಾರ್?” ಅಂದರು. ಇಲ್ಲಿ ಕೂತು ಏನು ಮಾಡುತ್ತೀ, ಹೋಗಿ ಆಡು. ನನ್ನ ಕೈಗೆ ಬಂದ ಕಾಗದದಲ್ಲಿ ಎರಡೇ ಸಾಲು ಇದ್ದವು. ಈ ಆಟಗಾರನನ್ನು ಎರವಲಾಗಿ ಕೊಡಲಾಗಿದೆ. ಮಿಲ್ಲಿಗೆ ಬೇಕಾದಾಗ ವಾಪಸು ಕಳಿಸತಕ್ಕದ್ದು.

ಆ ಎರಡನೆಯ ಸಾಲನ್ನು ನಾನು ಸರಿಯಾಗಿ ಓದಲೇ ಇಲ್ಲ. ಆಡಲು ಸಿಕ್ಕಿತಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಧಾರಾವಿಗೆ ಹೋದ ಮೊದಲ ದಿನ ಕಾಕಾ ಕಾರ್ಖಾನೆಯ ಹಿತ್ತಲಲ್ಲಿ ಒಂದು ಕಲ್ಲಿನ ಮೇಲೆ ಕೂತು, ಮಡಿಲಲ್ಲಿ ಚೆಂಡು ಇಟ್ಟುಕೊಂಡು ಅದರ ಹೊಲಿಗೆಗೆ ಮೇಣ ಉಜ್ಜುತ್ತಿದ್ದರು. ನಲವತ್ತರ ಆಸುಪಾಸು. ಗೋಲ್‌ಕೀಪರಿಗೆ ಬೇಕಾದ ಎತ್ತರ ಇರಲಿಲ್ಲ. ಎಡಗೈಯ ಕಿರುಬೆರಳು ಯಾವುದೋ ಹಳೆಯ ಆಟದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನನ್ನ ಮಾತಿನ ಎಳೆ ಕೇಳಿದ್ದೇ ತಡ, ಮುಖ ಅರಳಿತು.

“ಅರೇ, ನಮ್ಮ ಕಡಿಯಂವ! ಯಾವೂರಪಾ?”

“ಧಾರವಾಡ ರೀ.”

“ನಮ್ಮದು ವಿಜಾಪುರ ಜಿಲ್ಲಾ, ಬಾಗಲಕೋಟಿ ಹತ್ರ. ಏನ್ ಬಂದಿ?”

ನಾನು ಉತ್ತರ ಹೇಳುವ ಮೊದಲೇ ಟೀಮಿನ ಕ್ಯಾಪ್ಟನ್ ಬಂದ. ಹದ ಮಾಡುವ ತೊಟ್ಟಿಗಳ ಬಳಿ ಕೆಲಸ ಮಾಡುವ ಗಟ್ಟಿ ಆಳು. ಕಾಕಾರ ಮುಖ ನೋಡದೆ, ನೆಲ ನೋಡುತ್ತ, “ಕಾಕಾ, ಯೇ ಅಪನಾ ನಯಾ ಗೋಲಿ ಹೈ” ಅಂದ. ಇವನು ನಮ್ಮ ಹೊಸ ಗೋಲ್‌ಕೀಪರ್.

ಮೇಣ ಉಜ್ಜುತ್ತಿದ್ದ ಕೈ ನಿಂತಿತು. ಹನ್ನೊಂದು ವರ್ಷ ಅವರು ಆ ಗೋಲಿನಲ್ಲಿ ನಿಂತಿದ್ದರು. ಕೆಳಗಿನ ಡಿವಿಜನ್ನಿನಿಂದ ಟೀಮನ್ನು ಎತ್ತಿ ತಂದವರಲ್ಲಿ ಅವರೂ ಒಬ್ಬರು. ಬದಲಾವಣೆಯ ಮಾತು ಅವರ ಕಿವಿಗೆ ಯಾರೂ ಹಾಕಿರಲಿಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮಡಿಸಿದ ಒಂದು ಹಸಿರು ಜರ್ಸಿ ಹಿಡಿದು ಬಂದರು. ಮೊಣಕೈಗಳಿಗೆ ಮೆತ್ತನೆಯ ತೊಗಲಿನ ತೇಪೆ ಹಚ್ಚಿತ್ತು, ಸಣ್ಣ ಸಣ್ಣ ಹೊಲಿಗೆ.

“ತಗೋಪಾ. ನಾನ ಹೊಲದೀನಿ. ಕಲ್ಲಿನ ಮ್ಯಾಲ ಬಿದ್ರೂ ಮೊಣಕೈ ತೆರಚಂಗಿಲ್ಲ.”

ಇಷ್ಟು ಹೇಳಿ ಮತ್ತೆ ಕಲ್ಲಿನ ಮೇಲೆ ಕೂತು ಚೆಂಡು ಕೈಗೆತ್ತಿಕೊಂಡರು. ಆ ಜರ್ಸಿ ಹಿಡಿದುಕೊಂಡು ನಿಂತ ನನಗೆ, ಯಾರದೋ ಮನೆಯ ದೇವರ ಜಗುಲಿಯಿಂದ ಏನನ್ನೋ ಎತ್ತಿಕೊಂಡು ಬಂದ ಹಾಗೆ ಅನಿಸಿತು.

ಮೊದಲ ಮ್ಯಾಚಿನಲ್ಲಿ ಮೂರು ಗೋಲು ಬಿಟ್ಟೆ. ಮಳೆ ಹೊಯ್ಯುತ್ತಿತ್ತು, ಮುಂಬಯಿಯ ಫುಟ್‌ಬಾಲ್ ಎಂದರೆ ಮಳೆಗಾಲದ ಆಟವೇ. ನೆನೆದ ಚೆಂಡು ನನ್ನ ಅಂಗೈಯಿಂದ ಸಾಬೂನಿನ ಹಾಗೆ ಜಾರಿತು. ಕಾರ್ಖಾನೆಯಿಂದ ಅರ್ಧ ದಿನದ ರಜೆ ಹಾಕಿ ಬಂದಿದ್ದ ಕೆಲಸಗಾರರು, “ಭಾಡೇ ಕಾ ಟಟ್ಟೂ!” ಎಂದು ಕೂಗಿದರು. ಬಾಡಿಗೆಯ ಕುದುರೆ. ನಮ್ಮದೇ ಡಿಫೆಂಡರುಗಳು ನನಗೆ ಬೆನ್ನು ಹಾಕಿ ನಿಂತರು. ಅರ್ಧವೇಳೆಯಲ್ಲಿ ಲಿಂಬೆಹಣ್ಣಿನ ಹೋಳುಗಳ ಬುಟ್ಟಿ ಹಿಡಿದು ಎಲ್ಲರಿಗೂ ಹಂಚುತ್ತ ಬಂದವರು ಕಾಕಾ. ಹನ್ನೊಂದು ವರ್ಷದ ಗೋಲ್‌ಕೀಪರಿಗೆ ಟೀಮು ಕೊಟ್ಟಿದ್ದ ಹೊಸ ಕೆಲಸ ಅದು. ನನ್ನ ಮುಂದೆಯೂ ಬುಟ್ಟಿ ಹಿಡಿದರು. ಒಂದು ಹೋಳು ತೆಗೆದುಕೊಂಡೆ. ಅವರ ಮುಖ ನೋಡುವ ಧೈರ್ಯ ಬರಲಿಲ್ಲ…

ಮ್ಯಾಚು ಮುಗಿದು, ನಾಳೆಯಿಂದ ಬರುವುದಿಲ್ಲ ಎಂದು ಹೇಳಬೇಕು ಅಂತ ಶಬ್ದ ಜೋಡಿಸಿಕೊಳ್ಳುತ್ತ ಕೂತಿದ್ದಾಗ, ಅವರೇ ಬಂದು ಎದುರಿಗೆ ನಿಂತರು.

“ನಾಳಿ ಮುಂಜಾನೆ ಆರಕ್ಕ ಕಾರ್ಖಾನಿಗೆ ಬಾ. ಒಣ ಚೆಂಡು ಎಲ್ಲಾರೂ ಹಿಡೀತಾರ.”

ಮರುದಿನ ಹೋದೆ. ನೀರಿನ ಡ್ರಮ್ಮಿನಲ್ಲಿ ಅವರು ಹಿಂದಿನ ದಿನವೇ ಒಂದು ಚೆಂಡನ್ನು ಮುಳುಗಿಸಿಟ್ಟಿದ್ದರು. ಅದನ್ನು ಎತ್ತಿ ನನ್ನ ಎದೆಗೆ ಎಸೆದರು. ಕಲ್ಲು ಬಂದು ಬಡಿದಂತಾಯಿತು. ಅವತ್ತಿನಿಂದ ಸುಮಾರು ಎರಡು ತಿಂಗಳು, ಕೆಲಸದ ಭೋಂಗಾ ಊದುವ ತನಕ, ದಿನವೂ ಅದೇ ಪಾಠ. ನೆನೆದ ಚೆಂಡನ್ನು ಹಿಡಿಯಬಾರದು, ಎರಡೂ ಮುಷ್ಟಿ ಕೂಡಿಸಿ ಗುದ್ದಬೇಕು. ಗುದ್ದುವಾಗ ಕಣ್ಣು ಮುಚ್ಚಬಾರದು. ತೊಗಲಿನ ಬಗ್ಗೆ ಅವರಿಗೆ ತಿಳಿದದ್ದು ಯಾವ ಕೋಚಿಗೂ ತಿಳಿದಿರಲಾರದು. ಪ್ರಾಣಿಯ ಬೆನ್ನಿನ ತೊಗಲು ಬಿಗಿ, ನೀರು ಕುಡಿದರೂ ತನ್ನ ಆಕಾರ ಬಿಡುವುದಿಲ್ಲ. ಹೊಟ್ಟೆಯ ತೊಗಲು ಸಡಿಲು, ನೆನೆದರೆ ಉಬ್ಬುತ್ತದೆ. ಚೆಂಡಿನಲ್ಲಿ ಹೊಟ್ಟೆಯ ತುಂಡು ಸೇರಿದ್ದರೆ ಅದು ಗಾಳಿಯಲ್ಲಿ ಹೊಯ್ದಾಡುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಯಾವ ತುಂಡು ಎಲ್ಲಿಯದು ಎಂದು ಅವರು ಹೇಳುತ್ತಿದ್ದರು. ನನ್ನ ಹೆಬ್ಬೆರಳನ್ನು ಹಿಡಿದು ಒತ್ತಿಸಿ ನನಗೂ ಕಲಿಸಿದರು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. “ಕಾಕಾ, ನಿಮಗ ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?”

“ಸಿಟ್ಟ ಬಂದಿಲ್ಲ ಅಂತ ತಿಳಕೋಬ್ಯಾಡ. ಬಂದೈತಿ. ಒಂದ ವಾರ ಸರಿಯಾಗಿ ಉಂಡಿಲ್ಲ ನಾ. ನಮ್ಮಾಕಿ ಕಡಿ ಕೇಳು ಬೇಕಾರ.” ಚೆಂಡನ್ನು ನೀರಿನಲ್ಲಿ ಅದ್ದಿ ಎತ್ತಿದರು. “ಆದ್ರ ಆ ಗೋಲು ನಂದಲ್ಲ, ಟೀಮಿಂದು. ಅದರಾಗ ಯಾಂವ ನಿಂತ್ರೂ ಚೆಂಡು ಒಳಗ ಹೋಗಬಾರದು. ನಡಿ, ನಿಂದ್ರು.”

ಆಮೇಲೆ ಆಟ ತಿರುಗಿತು. ಎರಡನೆಯದನ್ನು ಡ್ರಾ ಮಾಡಿಕೊಂಡೆವು. ಮೂರನೆಯದನ್ನು ಗೆದ್ದೆವು. ಕೋಟೆ ಕಡೆಯ ದೊಡ್ಡ ಮೈದಾನದಲ್ಲಿ, ಬೂಟು ಪಾಲಿಶ್ ಮಾಡಿಸಿಕೊಂಡು ಬರುವ ಆಫೀಸಿನವರ ಒಂದು ಟೀಮನ್ನು ಒಂದು ಗೋಲಿನಿಂದ ಮಣಿಸಿದ ದಿನ, ಮೊದಲು ನನ್ನನ್ನು ಬಾಡಿಗೆಯ ಕುದುರೆ ಎಂದಿದ್ದ ಜನವೇ ಮೈದಾನದಿಂದ ಸ್ಟೇಷನ್ನಿನ ತನಕ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಲೋಕಲ್ಲಿನಲ್ಲಿ ನಮ್ಮ ಡಬ್ಬಿಯಿಡೀ ಹಾಡು. ಪ್ರತಿ ಮ್ಯಾಚಿನಲ್ಲೂ ಕಾಕಾ ಹರಿದ ರೇನ್‌ಕೋಟು ಹೊದ್ದು ನನ್ನ ಗೋಲಿನ ಬಲೆಯ ಹಿಂದೆ ನಿಲ್ಲುತ್ತಿದ್ದರು. ಕೂಗುತ್ತಿರಲಿಲ್ಲ. “ಎಡಕ್ಕ… ಇನ್ನೊಂದ ಹೆಜ್ಜಿ… ಈಗ ಬಾ ಹೊರಗ…” ಎಂದು ಪಕ್ಕದಲ್ಲಿ ಕೂತವರ ಹಾಗೆ ಹೇಳುತ್ತಿದ್ದರು. ಆ ದನಿ ಬೆನ್ನಿಗಿದ್ದರೆ ನನ್ನ ಗೋಲು ಅರ್ಧ ಚಿಕ್ಕದಾದಂತೆ ತೋರುತ್ತಿತ್ತು.

ಮನೆಯಲ್ಲಿ ಮಾತ್ರ ಆ ಹಸಿರು ಜರ್ಸಿಗೆ ಜಾಗ ಇರಲಿಲ್ಲ. ಅವ್ವ ಅದನ್ನು ಗ್ಯಾಲರಿಯ ಕೊನೆಯ ಹಗ್ಗಕ್ಕೆ ಹಾಕಿಸುತ್ತಿದ್ದಳು. “ಅಡಿಗಿ ಮನಿ ಕಡಿ ತರಬ್ಯಾಡ. ತೊಗಲಿನ ವಾಸನಿ” ಎನ್ನುತ್ತಿದ್ದಳು. ಅವಳು ಹೇಳದೆ ಬಿಟ್ಟ ಮಾತು ನನಗೂ ಗೊತ್ತಿತ್ತು. ಕಾಕಾರಿಗೂ ಗೊತ್ತಿದ್ದಿರಬೇಕು. ಪರೇಲಿನಲ್ಲಿ ಮ್ಯಾಚು ಇದ್ದ ದಿನ ಅವರು ನನ್ನ ಜೊತೆ ಚಾಳಿನ ಬಾಗಿಲ ತನಕ ಬರುತ್ತಿದ್ದರು. ಮೆಟ್ಟಿಲು ಹತ್ತುತ್ತಿರಲಿಲ್ಲ. ಮೇಲೆ ಬನ್ನಿ ಎಂದು ನಾನೂ ಹೇಳಲಿಲ್ಲ…

ಆಗಸ್ಟ್ ಮುಗಿಯುತ್ತ ಬಂದಾಗ ಒಂದೇ ಮ್ಯಾಚು ಉಳಿದಿತ್ತು. ಅದು ನನ್ನ ಮಿಲ್ಲಿನ ವಿರುದ್ಧವೇ. ಮಿಲ್ಲು ಗೆದ್ದರೆ ಆ ವರ್ಷದ ಕಪ್ಪು ಅವರದು. ಧಾರಾವಿಗೆ ಬೇಕಾದದ್ದು ಒಂದು ಡ್ರಾ. ಸೋತರೆ ಮತ್ತೆ ಕೆಳಗಿನ ಡಿವಿಜನ್ನು. ಕೆಳಗಿಳಿದರೆ ಟೀಮನ್ನೇ ಮುಚ್ಚುತ್ತೇನೆ, ಅರ್ಧ ದಿನದ ರಜೆಯೂ ಇಲ್ಲ, ಬೂಟೂ ಇಲ್ಲ ಎಂದು ಕಾರ್ಖಾನೆಯ ಮಾಲೀಕ ಹೇಳಿಯಾಗಿತ್ತು. ಆ ಮ್ಯಾಚಿಗೆ ಇನ್ನು ಎಂಟು ದಿನ ಇರುವಾಗ ಮಿಲ್ಲಿನ ಹೆಸರಾಂತ ಗೋಲ್‌ಕೀಪರಿನ ಭುಜ ಕೀಲು ತಪ್ಪಿತು. ಮರುದಿನವೇ ಧಾರಾವಿಗೆ ಕಾಗದ ಬಂತು. ಎರವಲು ಕೊಟ್ಟ ಆಟಗಾರನನ್ನು ಕೂಡಲೇ ವಾಪಸು ಕಳಿಸತಕ್ಕದ್ದು.

ಕ್ಯಾಪ್ಟನ್ ಕಾಗದವನ್ನು ಮುದ್ದೆ ಮಾಡಿ ತೊಟ್ಟಿಗೆ ಎಸೆದ. ಯಾರೋ ಯಾರನ್ನೋ ಬೈದರು. ಕಾಕಾ ಮಾತ್ರ ಮೆಲ್ಲಗೆ ಹೇಳಿದರು:

“ಎರವಲು ಎತ್ತು ತಂದ್ರ ಬಿತ್ತಿಗಿ ಚಲೋ ಆಗತೈತಿ, ಖರೆ. ಆದ್ರ ಸರಿಯಾಗಿ ಸುಗ್ಗಿ ದಿನಾನ ಮಾಲಕ ಬಂದು ಹಗ್ಗ ಹಿಡೀತಾನ. ನಮ್ಮ ಎತ್ತು ಕೊಟ್ಟಿಗ್ಯಾಗ ಕಟ್ಟಿ ಹಾಕಿದಂವರು ನಾವ. ಯಾರನ್ನ ಬೈತೀರಿ?”

ಎರಡು ತಿಂಗಳಿಂದ ಲಿಂಬೆಹಣ್ಣಿನ ಬುಟ್ಟಿ ಹಿಡಿದ ಆ ಕೈಗಳನ್ನೇ ಎಲ್ಲರೂ ನೋಡಿದರು.

ಮಿಲ್ಲಿನಲ್ಲಿ ಸೆಕ್ರೆಟರಿ ನನಗೆ ಕುರ್ಚಿ ಕೊಟ್ಟು ಕೂಡಿಸಿದರು, ಅದೇ ಮೊದಲು. ಈ ಮ್ಯಾಚು ಗೆದ್ದುಕೊಡು, ಬದಲಿ ಎಂಬ ಶಬ್ದ ನಿನ್ನ ಹೆಸರಿನ ಮುಂದಿನಿಂದ ಹೋಗುತ್ತದೆ, ಖಾಯಂ ಆಗುತ್ತೀ ಎಂದರು. ಅಪ್ಪನ ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಮನೆಗೆ ಬಂದು ಹೇಳಿದೆ. ಅವತ್ತು ಅಪ್ಪ ದೇವರಿಗೆ ಕೈಮುಗಿದು ನಿಂತವರು ಬಹಳ ಹೊತ್ತು ನಿಂತೇ ಇದ್ದರು.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಧಾರಾವಿಗೆ ಹೊರಟೆ. ಬಾಗಿಲಲ್ಲಿ ಅವ್ವ ಒಂದು ಗಂಟು ಕೈಗಿತ್ತಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. “ಕೈ ಕಲಿಸಿದಂವನ ಮನಿಗೆ ಬರಿಗೈಲೆ ಹೋಗಬಾರದು” ಅಂದಳು. ಅವರನ್ನು ಮನೆಗೆ ಕರೆದುಕೊಂಡು ಬಾ ಎನ್ನಲಿಲ್ಲ. ಅಷ್ಟೇ ಅವಳಿಂದ ಆದದ್ದು.

ಕಾಕಾ ತಮ್ಮ ಖೋಲಿಯ ಹೊರಗೆ ಬೂಟಿಗೆ ಕೊಬ್ಬು ಸವರುತ್ತ ಕೂತಿದ್ದರು. ಗಂಟನ್ನೂ ಒಗೆದ ಹಸಿರು ಜರ್ಸಿಯನ್ನೂ ಮುಂದಿಟ್ಟು, ನಾಲ್ಕು ದಿನ ಮನಸ್ಸಿನಲ್ಲಿ ಬೇಯಿಸಿದ್ದನ್ನು ಹೇಳಿದೆ. ಕೈ ಉಳುಕಿದೆ ಎಂದು ಮಿಲ್ಲಿಗೆ ಹೇಳುತ್ತೇನೆ. ಡಾಕ್ಟರ ಚೀಟಿ ತರುತ್ತೇನೆ. ಆಡುವುದಿಲ್ಲ.

ಅವರು ಬೂಟನ್ನು ಕೆಳಗಿಟ್ಟರು. ಅವರ ದನಿ ಗಡುಸಾದದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

“ಆ ಕೈಗೆ ನಾ ಕಲಿಸೀನಿ. ಅದು ಸುಳ್ಳ ಹೇಳಿದ್ರ ನಂದೂ ಸುಳ್ಳ ಆಕ್ಕೈತಿ. ಹನ್ನೊಂದು ವರ್ಷ ನಿಂತದ್ದು ಸುಳ್ಳ, ಎರಡು ತಿಂಗಳಾ ಚೆಂಡು ಒಗದದ್ದು ಸುಳ್ಳ.”

“ನಾ ಆಡಿದ್ರ ನಿಮ್ಮ ಟೀಮು ಮುಳಗತೈತಿ ಕಾಕಾ.”

“ಎಷ್ಟ ಸೊಕ್ಕಪಾ ನಿಂಗ!” ಎಂದು ಒಮ್ಮೆಲೆ ನಕ್ಕುಬಿಟ್ಟರು. “ನನ್ನ ಗೋಲು ಕಾಯೂದು ನಾನು. ನಿಂದು ನೀ ಕಾಯಿ. ಒಂದ ಒಂದು ಚೆಂಡು ಬೇಕಂತ ಒಳಗ ಬಿಟ್ರ, ನಾ ನಿನ್ನ ಮಾರಿ ನೋಡಂಗಿಲ್ಲ. ತಿಳೀತಿಲ್ಲ?” ಆಮೇಲೆ ಗಂಟು ಬಿಚ್ಚಿ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ತಾವು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, “ನಿಮ್ಮವ್ವ ರೊಟ್ಟಿ ಚಲೋ ಬಡೀತಾಳ” ಅಂದರು.

ಮ್ಯಾಚಿನ ದಿನ ಮಧ್ಯಾಹ್ನದಿಂದಲೇ ಮೋಡ ಕವಿದು ಮಳೆ ಹಿಡಿದಿತ್ತು. ಧಾರಾವಿಯಿಂದ ಜನವೋ ಜನ. ಹೆಂಗಸರೂ ಬಂದಿದ್ದರು. ನಾನು ಮಿಲ್ಲಿನ ಬಿಳಿ ಜರ್ಸಿಯಲ್ಲಿದ್ದೆ. ಆಚೆ ಕಡೆ ಕಾಕಾ, ತೇಪೆ ಹಚ್ಚಿದ ಅದೇ ಹಸಿರು ಜರ್ಸಿಯಲ್ಲಿ, ನನಗೆ ಹಿಂದೆಂದೂ ಕಾಣದಷ್ಟು ಎತ್ತರ ಕಂಡರು. ಆಟ ಶುರುವಾಗುವ ಮುಂಚೆ ರೆಫರಿಯ ಪಕ್ಕದಲ್ಲಿದ್ದ ಚೆಂಡನ್ನು ಎತ್ತಿಕೊಂಡು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮಿಲ್ಲಿನವರು ತಂದ ಹೊಚ್ಚ ಹೊಸ ಚೆಂಡು. ಅದನ್ನು ನನ್ನ ಕೈಗೆ ಕೊಡುತ್ತ, ದಾಟಿ ಹೋಗುವವರ ಹಾಗೆ ಹೇಳಿದರು:

“ಎರಡು ಹೊಟ್ಟಿ ತುಂಡು ಅದಾವು ಇದರಾಗ. ನೆನದ ಮ್ಯಾಲ ಹೊಯ್ದಾಡತೈತಿ. ಅರ್ಧ ಕ್ಷಣ ತಡದು ಕೈ ಹಾಕು.”

ಎದುರಾಳಿಗೆ ಯಾರಾದರೂ ಅದನ್ನು ಹೇಳುತ್ತಾರೆಯೇ? ಅವರು ಹೇಳಿದರು.

ಮೊದಲ ಅರ್ಧ ಪೂರಾ ಮಿಲ್ಲಿನದು. ನಮ್ಮ ಫಾರ್ವರ್ಡುಗಳು ಅಲೆಯ ಮೇಲೆ ಅಲೆಯಾಗಿ ಹೋದರು. ನಾನು ಒಂಟಿಯಾಗಿ ನಿಂತು ನೂರು ಗಜದಾಚೆ ನೋಡುತ್ತಿದ್ದೆ. ಒಬ್ಬ ಗಿಡ್ಡ ಮನುಷ್ಯ ಬಿದ್ದ, ಎದ್ದ, ಮತ್ತೆ ಬಿದ್ದ. ಮೇಲೆ ಬಂದ ಪ್ರತಿ ಚೆಂಡಿಗೂ ಎರಡು ಮುಷ್ಟಿ ಎದ್ದವು. ಅರ್ಧವೇಳೆಯಾದಾಗ ಜರ್ಸಿಯ ಬಣ್ಣ ಹಸಿರೆಂದು ಹೇಳಲು ಬರುತ್ತಿರಲಿಲ್ಲ, ಎಲ್ಲ ಕೆಸರು. ಲಿಂಬೆಯ ಬುಟ್ಟಿಯನ್ನು ಸ್ವತಃ ಕ್ಯಾಪ್ಟನ್ ಹಿಡಿದುಕೊಂಡು ಹೋಗಿ ಕಾಕಾರ ಮುಂದೆ ನಿಂತದ್ದನ್ನು ದೂರದಿಂದ ಕಂಡೆ.

ಎರಡನೆಯ ಅರ್ಧದಲ್ಲಿ ಧಾರಾವಿಗೆ ಒಂದೇ ಒಂದು ಅವಕಾಶ ಸಿಕ್ಕಿತು. ಅವರ ಲೆಫ್ಟ್ ವಿಂಗ್ ಹುಡುಗ ಇಬ್ಬರನ್ನು ದಾಟಿ ಒಳಗೆ ನುಗ್ಗಿ ಬಾರಿಸಿದ. ಎರಡು ತಿಂಗಳು ನನ್ನ ಜೊತೆ ಲೋಕಲ್ಲಿನಲ್ಲಿ ಹಾಡಿದ ಹುಡುಗ. ಚೆಂಡು ನನ್ನ ಬಲಕ್ಕೆ ಹೊರಟಿತು. ಮೈ ತಾನಾಗಿ ಬಲಕ್ಕೆ ವಾಲಲಿತ್ತು. ಅರ್ಧ ಕ್ಷಣ ತಡೆದೆ. ಚೆಂಡು ನಡುಗಿ, ನಡುವೆ ತಿರುಗಿ, ನೇರ ಎದೆಗೆ ಬಂತು. ಎರಡೂ ಮುಷ್ಟಿ ಕೂಡಿಸಿ ಗುದ್ದಿದೆ, ಕಣ್ಣು ಮುಚ್ಚದೆ. ಧಾರಾವಿಯ ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ಮಳೆಯಲ್ಲೂ ಕೇಳಿಸಿತು. ಆ ಹುಡುಗ ಕೆಸರಿನಲ್ಲಿ ಮಂಡಿಯೂರಿ ನನ್ನನ್ನೇ ನೋಡಿದ. ನನಗೆ ಅಳು ಬಂತು. ಆಚೆಯ ತುದಿಯಲ್ಲಿ ಕಾಕಾ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದರು.

ಕೊನೆಯ ನಿಮಿಷಗಳು. ಧಾರಾವಿಯ ಗೋಲಿನ ಎದುರಿಗೇ ನಮಗೆ ಫ್ರೀ ಕಿಕ್. ನಮ್ಮ ಸೆಂಟರ್ ಫಾರ್ವರ್ಡಿನ ಕಾಲಿಗೆ ನಗರದ ಗೋಲ್‌ಕೀಪರುಗಳೆಲ್ಲ ಹೆದರುತ್ತಿದ್ದರು. ಅವನು ಓಡಿ ಬಂದು ಬಾರಿಸಿದ. ಚೆಂಡು ಗೋಡೆಯ ಹಾಗೆ ನಿಂತವರ ತಲೆಯ ಮೇಲಿಂದ ಹೋಯಿತು. ನಮ್ಮವರು ಗೋಲಾಯಿತೆಂದು ಕೈ ಎತ್ತಿದರು. ಸೆಕ್ರೆಟರಿ ಕೊಡೆ ಬಿಟ್ಟು ಕುಣಿದರು. ಕಾಕಾ ಕದಲಲಿಲ್ಲ. ಎಲ್ಲರಿಗೂ ಅವರು ಸೋತು ನಿಂತ ಹಾಗೆ ಕಂಡಿರಬೇಕು. ನನಗೊಬ್ಬನಿಗೆ ಗೊತ್ತಿತ್ತು, ಅವರು ತಡೆಯುತ್ತಿದ್ದಾರೆ… ಚೆಂಡು ನಡುಗಿತು, ಎಡಕ್ಕೆ ಹೊರಳಿತು. ಆಗ ಆ ಗಿಡ್ಡ ಮೈ ನೆಲ ಬಿಟ್ಟು ಎದ್ದಿತು. ಆ ಮುರುಕು ಬೆರಳಿನ ಕೈಯೂ ಸೇರಿ ಎರಡೂ ಮುಷ್ಟಿ ಬಡಿದು, ಚೆಂಡು ಮೇಲಿನ ಕಂಬಿಯನ್ನು ಸವರಿಕೊಂಡು ಆಚೆ ಹೋಯಿತು. ನಮ್ಮವರ ಎತ್ತಿದ ಕೈಗಳು ಒಂದೊಂದಾಗಿ ಇಳಿದವು.

ನಾನು ಕುಣಿದೆ. ಮಿಲ್ಲಿನ ಬಿಳಿ ಜರ್ಸಿಯಲ್ಲಿ, ಮಿಲ್ಲಿನ ಗೋಲಿನೊಳಗೆ, ಎರಡೂ ಕೈ ಎತ್ತಿ ಕೂಗುತ್ತ ಕುಣಿದೆ. ಸೆಕ್ರೆಟರಿ ತಿರುಗಿ ನೋಡಿದರು. ನೋಡಲಿ!

ಕಾರ್ನರ್ ತೆಗೆದರು, ಯಾರೋ ದೂರ ಒದ್ದರು, ರೆಫರಿ ಸೀಟಿ ಊದಿದರು. ಸೊನ್ನೆಗೆ ಸೊನ್ನೆ. ಆ ಎರಡು ಸೊನ್ನೆಗಳಿಗೆ ಧಾರಾವಿಯ ಜನ ಮೈದಾನದೊಳಗೆ ನುಗ್ಗಿದ ರೀತಿಯಲ್ಲಿ, ಹತ್ತು ಗೋಲು ಹೊಡೆದ ಟೀಮಿಗೂ ಯಾರೂ ನುಗ್ಗಿರಲಾರರು. ಕಾಕಾರನ್ನು ಎತ್ತಿಕೊಂಡು ಮೈದಾನ ಸುತ್ತಿಸಿದರು. ಕ್ಯಾಪ್ಟನ್ ಅವರ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದ.

ಕಾರ್ಖಾನೆಯವರು ಒಬ್ಬ ಫೋಟೋಗ್ರಾಫರನನ್ನು ಕರೆಸಿದ್ದರು. ಟೀಮು ಸಾಲಾಗಿ ನಿಂತಿತು. ಕಾಕಾ ಅತ್ತಿತ್ತ ನೋಡಿ, ನನ್ನನ್ನು ಹುಡುಕಿ, ಬಾ ಎಂದು ಕೈ ಮಾಡಿದರು. ನಾನು ಎರಡು ಹೆಜ್ಜೆ ಇಟ್ಟಿದ್ದೆ, ಸೆಕ್ರೆಟರಿ ಅಡ್ಡ ಬಂದರು. “ಕುಠೇ ಚಾಲ್ಲಾಸ್?” ಎಲ್ಲಿಗೆ ಹೊರಟೆ?

ಕಾಕಾ ಕೆಸರುಮೈಯಲ್ಲೇ ನಡೆದು ಬಂದರು. ಕೈ ಮುಗಿದು, ತಮ್ಮ ಹಿಂದಿಯಲ್ಲಿ ಹೇಳಿದರು. “ಸಾಬ್, ಆಪ್ನೇ ದಿಯಾ, ಆಪ್ನೇ ವಾಪಸ್ ಲಿಯಾ. ಅಬ್ ಫೋಟೋ ಕೇ ವಾಸ್ತೇ ಪಾಂಚ್ ಮಿನಿಟ್ ಉಧಾರ್ ದೇ ದೋ.” ಕೊಟ್ಟವರೂ ನೀವೇ, ವಾಪಸು ತೆಗೆದುಕೊಂಡವರೂ ನೀವೇ, ಈಗ ಫೋಟೋಕ್ಕೆ ಐದು ನಿಮಿಷ ಎರವಲು ಕೊಡಿ. ಮೊದಲು ನಕ್ಕವನು ನಮ್ಮ ಮಿಲ್ಲಿನ ಸೆಂಟರ್ ಫಾರ್ವರ್ಡೇ. ಆಮೇಲೆ ಎಲ್ಲರೂ. ಸೆಕ್ರೆಟರಿ ದಾರಿ ಬಿಟ್ಟರು. ಕೆಸರಾದ ಧಾರಾವಿಯ ಜರ್ಸಿಗಳ ನಡುವೆ ಒಂದೇ ಒಂದು ಬಿಳಿ ಜರ್ಸಿ ಇಟ್ಟುಕೊಂಡು ಆ ಫೋಟೋ ತೆಗೆಯಲಾಯಿತು. ಕಾಕಾರ ಮೇಣದ ಕೈ ನನ್ನ ಹೆಗಲ ಮೇಲಿತ್ತು.

ಆ ಐದು ನಿಮಿಷಕ್ಕೆ ನಾನು ಬೆಲೆ ತೆತ್ತೆ. ನಾನು ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಅಪ್ಪ ಒಂದು ವಾರ ಮಾತು ಬಿಟ್ಟರು. ಆದರೆ ಆ ಹೆಸರಾಂತ ಗೋಲ್‌ಕೀಪರಿನ ಭುಜ ಮೊದಲಿನಂತಾಗಲಿಲ್ಲ, ಮುಂದಿನ ಮಳೆಗಾಲದಿಂದ ಮಿಲ್ಲಿನ ಗೋಲು ನನ್ನದಾಯಿತು. ಆರು ಸೀಜನ್ ಆಡಿದೆ. ಎರವಲು ಹೋಗದಿದ್ದರೆ ನಾನು ಬೆಂಚಿನ ಮೇಲೆಯೇ ಮುದುಕನಾಗುತ್ತಿದ್ದೆ, ಇದು ಸತ್ಯ. ನನ್ನನ್ನು ಎರವಲು ತಂದದ್ದರಿಂದ ಧಾರಾವಿ ಆ ಸೀಜನ್ನಿನ ನಡುವೆ ದಡ ಹಿಡಿಯಿತು, ಇದೂ ಸತ್ಯ. ಆದರೆ ಅದಕ್ಕಾಗಿ ಒಬ್ಬ ಮನುಷ್ಯನ ಕೈಗೆ ಹನ್ನೊಂದು ವರ್ಷದ ಮೇಲೆ ಲಿಂಬೆಹಣ್ಣಿನ ಬುಟ್ಟಿ ಬಂತಲ್ಲ, ಕಾಗದದ ಯಾವ ಸಾಲಿನಲ್ಲೂ ಅದು ಇರಲಿಲ್ಲ. ಆಮೇಲೆ ಮಿಲ್ಲು ಬೇರೆ ಹುಡುಗರನ್ನು ಎರವಲು ಕಳಿಸಿತು. ಅವರಲ್ಲಿ ಇಬ್ಬರು ಕೆಲವೇ ವಾರಗಳಲ್ಲಿ ಮನಸ್ಸು ಮುರಿದುಕೊಂಡು ಆಟವನ್ನೇ ಬಿಟ್ಟರು. ಅವರಿಗೆ ಅಲ್ಲಿ ಒಬ್ಬ ಕಾಕಾ ಸಿಕ್ಕಿರಲಿಲ್ಲ.

ಕಾಕಾ ಮುಂದಿನ ಸೀಜನ್ನೂ ಆಡಿದರು, ಪೂರ್ತಿ. ಆಮೇಲೆ ತಾವಾಗಿಯೇ ಜರ್ಸಿ ಬಿಚ್ಚಿಟ್ಟರು. ಭಾನುವಾರಗಳಂದು ನಾನು ಹೋಗುತ್ತಿದ್ದೆ. ನನ್ನ ಮದುವೆಯಾಯಿತು, ಹೋಗುವುದು ಹಬ್ಬಗಳಿಗೆ ಇಳಿಯಿತು. ಮಿಲ್ಲುಗಳು ಮುಚ್ಚಿದವು. ಭಿವಂಡಿಯ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು ನಾವು ಡೊಂಬಿವಲಿಗೆ ಬಂದೆವು. ಒಮ್ಮೆ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಅಕಸ್ಮಾತ್ ಸಿಕ್ಕರು. ಸಂಸಾರದ ಸುದ್ದಿಗಿಂತ ಮೊದಲು ನನ್ನ ಎರಡೂ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, “ಚಲೋ ಅದಾವ” ಅಂದರು. ಅಷ್ಟರಲ್ಲಿ ಅವರ ಲೋಕಲ್ ಬಂತು…

ಪಟ್ಟಿ ಹೊಲಿಸಿಕೊಂಡ ಮುಂದಿನ ಭಾನುವಾರ ಧಾರಾವಿಗೆ ಹೋದೆ. ಕಾರ್ಖಾನೆ ಇದ್ದಲ್ಲಿ ಒಂದು ಎತ್ತರದ ಬಿಲ್ಡಿಂಗು ಎದ್ದಿದೆ. ಮೂರು ಗಲ್ಲಿಗಳಲ್ಲಿ ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದೆ. ಅವರ ಮಗಳು ತೆರೆದಳು. ಅವಳಿಗೇ ಈಗ ತಲೆ ನರೆತಿದೆ. ಕಾಕಾ ಹೋಗಿ ಎಂಟು ತಿಂಗಳಾಯಿತು ಎಂದಳು. ಎಂಬತ್ತೆಂಟು ವರ್ಷ ದಾಟಿತ್ತು, ಕೊನೆಯ ತನಕ ತಾವೇ ನಡೆದು ಹೋಗಿ ಹಾಲು ತರುತ್ತಿದ್ದರಂತೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಬಾರದೆ ಇದ್ದವನು ಎಂಟು ತಿಂಗಳು ತಡವಾಗಿ ಬಂದಿದ್ದೆ. ನಮ್ಮ ಚಾಳಿನ ಮೆಟ್ಟಿಲ ಬುಡದಿಂದ ಅವರು ಎಷ್ಟು ಸಲ ಹಿಂತಿರುಗಿ ಹೋಗಿದ್ದರೋ… ನನ್ನನ್ನು ಅವರ ಮಗಳು ಒಂದು ಮಾತೂ ಕೇಳದೆ ಒಳಗೆ ಕರೆದು ಕೂಡಿಸಿದಳು. ಚಹಾ ತಂದಿಟ್ಟಳು.

ಆಮೇಲೆ, ತೊದಲುವ ಕನ್ನಡದಲ್ಲಿ ಕೇಳಿದಳು: “ಅಂಕಲ್, ಆಪ್… ನೀವು ಪಪ್ಪಾನ ಟೀಮಿನವರು ಏನ್ರಿ?”

“ಹೌದವ್ವಾ,” ಎಂದೆ. “ನಾನು ಅವರ ಟೀಮಿನವ.”

ಆ ಮಾತನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಇರಲಿಲ್ಲ.